ದ್ರಾಕ್ಷಿಗೆ ಊರಿದೆ, ಜೋಳಕ್ಕಿಲ್ಲ

ಕಳೆದ ಶನಿವಾರ ಸಂಜೆ ನನ್ನದೇ ಮನೆಯಲ್ಲಿ ನನಗೆ ಮಲ್ಲಿಗೆ ಮುಡಿಯಲು ಪರವಾನಗಿ ಇರಲಿಲ್ಲ.

ಮಾಲೆ ಕಟ್ಟಿ ಇಟ್ಟಿದ್ದೆ. ಕನ್ನಡಿಯ ಮುಂದೆ ನಿಂತಿದ್ದೆ. ನಮ್ಮ ಯಜಮಾನರು ಹಿಂದಿನಿಂದ ಬಂದು ಇವತ್ತು ಹೂ ಬೇಡ ಎಂದರು. ಯಾಕೆ, ಯಾರಿಗೇನಾಯಿತು? ಯಾರಿಗೂ ಏನೂ ಆಗಿರಲಿಲ್ಲ. ಮಲ್ಲಿಗೆಯ ವಾಸನೆಗೆ ಫ್ರಾನ್ಸ್ ದೇಶದ ವೈನಿನ ವಾಸನೆ ಕೆಡುತ್ತದಂತೆ!

(ಹೌದು, ವೈನ್. ಬೈಲಹೊಂಗಲದಲ್ಲಿ, ಪೌರೋಹಿತ್ಯದ ಮನೆತನದ ವಕೀಲರ ಮನೆಯಲ್ಲಿ. ಪತ್ರ ಬರೆಯಲು ಆಗಲೇ ಪೆನ್ನು ಹಿಡಿದ ಹಿರಿಯ ಓದುಗರು ದಯವಿಟ್ಟು ಕೊನೆಯವರೆಗೆ ಓದಿ, ಆಮೇಲೆ ಬೈಯಿರಿ. ನನಗೂ ಬೈಯುವುದಿದೆ.)

ಇದರ ಮೂಲಪುರುಷರು ಚಿದಂಬರರಾಯರು. ನಮ್ಮ ಯಜಮಾನರ ಬಾಲ್ಯದ ಗೆಳೆಯರು, ಸವದತ್ತಿ ತಾಲೂಕಿನಲ್ಲಿ ಹುಟ್ಟಿ ಬೆಳೆದವರು, ಸಕ್ಕರೆ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್. ಆರು ತಿಂಗಳು ತರಬೇತಿಗೆಂದು ಫ್ರಾನ್ಸಿಗೆ ಹೋದವರು ಮೂರು ಬಾಟಲಿ ಮತ್ತು ಒಂದು ಹೊಸ ಮೂಗು ಹೊತ್ತು ತಂದಿದ್ದಾರೆ. ಆ ಬಾಟಲಿಗಳನ್ನು ಗೆಳೆಯರೊಂದಿಗೆ ಕೂತು ಕ್ರಮವಾಗಿ ರುಚಿ ನೋಡಬೇಕು, ಅದಕ್ಕೆ ‘ಟೇಸ್ಟಿಂಗ್’ ಎನ್ನುತ್ತಾರೆ, ಜೊತೆಗೆ ಊಟ. ಎಲ್ಲಿ? ನಮ್ಮ ಮನೆಯಲ್ಲಿ. ನಮ್ಮ ಅತ್ತೆಯವರು ಮುರಗೋಡದ ಮಗಳ ಮನೆಗೆ ಹೋಗುವ ವಾರ ನೋಡಿ ಗೊತ್ತು ಮಾಡಿದರು. ಅಷ್ಟು ಧೈರ್ಯ ಗಂಡಸರಿಗೆ!

ಎರಡು ದಿನ ಮೊದಲೇ ಕಟ್ಟಳೆಗಳು ಬಂದವು. ಅಡಿಗೆಯಲ್ಲಿ ಖಾರ ಇರಬಾರದು. ಇಂಗಿನ ಒಗ್ಗರಣೆ ಕೂಡದು. ದೇವರ ಮುಂದೆ ಊದಿನಕಡ್ಡಿ ಹಚ್ಚಬಾರದು. ಚಟ್ನಿಪುಡಿಯ ಡಬ್ಬಿ ಕಣ್ಣಿಗೇ ಬೀಳಬಾರದು, ಅದು ನಾಲಿಗೆಯನ್ನು ಸುಟ್ಟುಬಿಡುತ್ತದೆ. ಹಾಗಾದರೆ ಏನು ಮಾಡಲಿ? ಬಟಾಟೆ ಕುದಿಸಿ ಉಪ್ಪು ಹಚ್ಚಿ. ಬೇಕರಿಯಿಂದ ಬ್ರೆಡ್ ತರಿಸಿ. ನಮ್ಮ ಮನೆಯಲ್ಲಿ ಜ್ವರ ಬಂದವರಿಗೂ ನಾನು ಅಂಥ ಊಟ ಬಡಿಸಿದವಳಲ್ಲ.

ಒಬ್ಬರಿಗೆ ಮಾತ್ರ ವಿನಾಯಿತಿ. ದಸ್ತಗೀರಸಾಹೇಬರು. ಲಾರಿ ಮಾಲಕರು, ಡ್ರೈವರೂ ಅವರೇ. ಇವರು ಹಿಂದೊಮ್ಮೆ ಅವರ ಕೇಸು ನಡೆಸಿದಂದಿನಿಂದ ಸ್ನೇಹ. ಅವರು ಕುಡಿಯುವವರಲ್ಲ, ಮಾತಾಡಲು ಬರುತ್ತಾರೆ. ಹಾಗಾಗಿ ಅವರ ಪಾಲಿಗೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಆ ನಾಲ್ಕು ರೊಟ್ಟಿ ಬಡಿಯುವಾಗ ಮಾತ್ರ ನನ್ನ ಅಡಿಗೆಮನೆ ನನ್ನದು ಅನಿಸಿತು.

ಏಳು ಗಂಟೆಗೆ ಶುರುವಾಯಿತು. ಚಿದಂಬರರಾಯರು, ಪಕ್ಕದ ಓಣಿಯ ಡಾಕ್ಟರು, ಇವರು, ಸಾಹೇಬರು. ನಡುವೆ ನಮ್ಮ ಮಾವನವರ ಹಿತ್ತಾಳೆಯ ಪೀಕದಾನಿ! ಅಟ್ಟದಿಂದ ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿದವಳು ನಾನೇ. ಯಾಕೆಂದರೆ ವೈನನ್ನು ಬಾಯಲ್ಲಿ ಆಡಿಸಿ ಉಗುಳಬೇಕಂತೆ. ಉಣ್ಣುವ ಜಾಗದಲ್ಲಿ, ಬಡಿಸಿದವರ ಎದುರಿಗೆ. ನಮ್ಮ ಮಕ್ಕಳು ಹಾಗೆ ಮಾಡಿದ್ದರೆ ಬೆನ್ನ ಮೇಲೆ ಎರಡು ಬೀಳುತ್ತಿದ್ದವು.

ಆಮೇಲೆ ಲೆಕ್ಚರ್. ಇದು ಬೋರ್ದೊ ಪ್ರಾಂತದ್ದು, ಅಲ್ಲಿ ಗರಸು ಮಣ್ಣು. ಇದು ಬರ್ಗಂಡಿ, ಅಲ್ಲಿ ಸುಣ್ಣದ ಮಣ್ಣು. ಬರ್ಗಂಡಿಯಲ್ಲಿ ಹೊಲಗಳ ನಡುವೆ ಒಂದು ಮೋಟುಗೋಡೆ ಇರುತ್ತದೆ, ಗೋಡೆಯ ಆಚೆಯ ದ್ರಾಕ್ಷಿಗೆ ಒಂದು ಹೆಸರು, ಈಚೆಯದಕ್ಕೆ ಇನ್ನೊಂದು. ಅಲ್ಲಿಯವರು ಒಂದು ಗುಟುಕಿನಲ್ಲಿ ಯಾವ ಹೊಲ ಅಂತ ಹೇಳಿಬಿಡುತ್ತಾರೆ. ನಮ್ಮ ಯಜಮಾನರು ಕಣ್ಣು ಮುಚ್ಚಿ ಗ್ಲಾಸು ಮೂಸಿ ನೋಡಿ, ಹೌದು ಹೌದು, ಮಣ್ಣಿನ ವಾಸನೆ ಬರುತ್ತದೆ ಎಂದರು.

ನಾನು ಬಾಗಿಲಲ್ಲಿ ನಿಂತಿದ್ದೆ. ನಿಂತೇ ಇದ್ದೆ. ನನಗೂ ಒಂದು ಗುಟುಕು ಕೊಟ್ಟರೆ ನೋಡುತ್ತೇನಲ್ಲ ಎಂದೆ. ಚಿದಂಬರರಾಯರು ಬಹಳ ಪ್ರೀತಿಯಿಂದಲೇ ನಕ್ಕರು.

“ನಿಮಗ ತಿಳಿಯಂಗಿಲ್ಲ ಬಿಡ್ರಿ ವಹಿನಿ. ಇದಕ್ಕ ನಾಲಿಗಿ ತಯಾರಾಗಿರಬೇಕಾಗತದ.”

ನನ್ನ ಯಜಮಾನರು ತಲೆಯಾಡಿಸಿದರು. ಆ ತಲೆಯಾಡಿಕೆ ನನಗೆ ಚುಚ್ಚಿತು, ಸುಳ್ಳು ಯಾಕೆ ಹೇಳಲಿ.

ಯಾಕೆ ಚುಚ್ಚಿತು ಎಂದು ಕೇಳಿ. ಎಂಟು ದಿನದ ಹಿಂದೆ ಮನೆಗೆ ವರ್ಷದ ಜೋಳ ಬಂದಿತ್ತು. ಮುರಗೋಡ ಕಡೆಯ ಎರೆ ಮಣ್ಣಿನ ಹೊಲದ ಜೋಳ ಎಂದು ಹೇಳಿ ಪೇಟೆಯ ಅಂಗಡಿಯವನು ಕಳಿಸಿದ್ದ. ಮೊದಲ ಹಿಟ್ಟು ನಾದಿದಾಗಲೇ ನನ್ನ ಕೈಗೆ ತಿಳಿಯಿತು. ರೊಟ್ಟಿ ಬಡಿದರೆ ಅಂಚು ಸೀಳಿತು. ಬಾಯಿಗಿಟ್ಟರೆ ಸಿಹಿ ಇಲ್ಲ. ಇದರಲ್ಲಿ ಈಗ ಬಂದಿದೆಯಲ್ಲ ಆ ಹೈಬ್ರಿಡ್ ಜೋಳ ಬೆರೆತಿದೆ, ವಾಪಸು ಕಳಿಸಿ ಎಂದೆ. ಒಂದು ಸಲವಲ್ಲ, ಮೂರು ಸಲ. ಮೂರನೆಯ ಸಲ ಇವರು ಪೇಪರಿನಿಂದ ತಲೆ ಎತ್ತದೆ ಉತ್ತರ ಕೊಟ್ಟರು.

“ಜ್ವಾಳ ಅಂದ್ರ ಜ್ವಾಳ. ಅದಕ್ಕೇನ ಊರು ಇರತದೇನು? ಎಲ್ಲಾ ನಿನ್ನ ಭ್ರಮಾ.”

ಕಾಣದ ದೇಶದ ಮೋಟುಗೋಡೆಯ ಆಚೆ ಈಚೆ ಒಪ್ಪುವ ಮನುಷ್ಯನಿಗೆ ತಾನು ದಿನಾ ಉಣ್ಣುವ ರೊಟ್ಟಿ ಮಾತ್ರ ಎಲ್ಲ ಒಂದೇ!

ಇಷ್ಟರಲ್ಲಿ ದಸ್ತಗೀರಸಾಹೇಬರು ಊಟಕ್ಕೆ ಕೈ ಹಾಕಿದ್ದರು. ಡಾಕ್ಟರು ತಮ್ಮ ಬಟಾಟೆ ಬಿಟ್ಟು ಅವರ ಚಟ್ನಿಯನ್ನೇ ನೋಡುತ್ತಿದ್ದರು. (ಪಾಪ.) ಸಾಹೇಬರು ಒಂದು ತುತ್ತು ತಿಂದರು, ಇನ್ನೊಂದನ್ನು ಬರೀ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡರು, ನನ್ನ ಕಡೆ ತಿರುಗಿದರು.

“ಬಾಯಾರ, ಮುರಗೋಡ ಕಡೇ ಜ್ವಾಳ ಅಂತ ಹೇಳಿ ಕೊಟ್ಟಾರೇನ್ರಿ? ಮುಕ್ಕಾಲು ಖರೇ ಐತಿ. ಪಾವು ಭಾಗ ಹೈಬ್ರಿಡ್ ಕೂಡಿಸ್ಯಾರ.”

ರಾಮದುರ್ಗದಿಂದ ಕಿತ್ತೂರಿನವರೆಗೆ ಲಾರಿ ಓಡಿಸಿ ಊರೂರಿನ ರೊಟ್ಟಿ ಉಂಡ ಮನುಷ್ಯ. ಸಂಗೊಳ್ಳಿಯ ಜೋಳ, ಸವದತ್ತಿಯ ಜೋಳ ಬಾಯಲ್ಲಿ ಹೇಗೆ ಬೇರೆ ಎಂದು ಬಿಡಿಸಿ ಹೇಳಿದರು. ಎರೆ ಹೊಲದ ಹಿಂಗಾರಿ ಜೋಳವಾದರೆ ಕೊನೆಗೆ ಸಿಹಿ ಉಳಿಯುತ್ತದೆ, ಇದರಲ್ಲಿ ಉಳಿಯುತ್ತಿಲ್ಲ ಎಂದರು. ಅಕ್ಷರಕ್ಕಕ್ಷರ ನಾನು ಹೇಳಿದ್ದೇ.

ಆಗ ಆ ಪಡಸಾಲೆಯಲ್ಲಿ ಏನಾಯಿತು ಗೊತ್ತೆ? ನಮ್ಮ ಯಜಮಾನರು ತೊಡೆ ತಟ್ಟಿ ಭೇಷ್ ಎಂದರು! ಸಾಹೇಬರ ನಾಲಿಗೆಯೆಂದರೆ ನಾಲಿಗೆ ಎಂದರು. ಫ್ರಾನ್ಸಿನಲ್ಲಾಗಿದ್ದರೆ ಇವರಿಗೆ ದೊಡ್ಡ ಸಂಬಳದ ನೌಕರಿ ಸಿಗುತ್ತಿತ್ತೆಂದು ಚಿದಂಬರರಾಯರು ಸರ್ಟಿಫಿಕೇಟು ಕೊಟ್ಟರು. ಡಾಕ್ಟರೂ ದನಿಗೂಡಿಸಿದರು. ನನ್ನ ಬಾಯಲ್ಲಿ ಭ್ರಮೆಯಾಗಿದ್ದ ಮಾತು ಗಂಡಸಿನ ಬಾಯಿಗೆ ಹೋದ ಕೂಡಲೇ ವಿದ್ಯೆಯಾಯಿತು.

ಸಾಹೇಬರು ಮಾತ್ರ ನಗಲಿಲ್ಲ. ತಾಟು ನೋಡುತ್ತ, “ನಂದೇನ್ರಿ ಇದರಾಗ? ಹಿಟ್ಟು ನಾದಾವ್ರಿಗೆ ಮೊದಲ ತಿಳಿದಿರತೈತಿ. ಬಾಯಾರನ್ನ ಕೇಳ್ರಿ,” ಎಂದರು.

ಯಾರೂ ಕೇಳಲಿಲ್ಲ. ಇವರು ಗ್ಲಾಸಿನಲ್ಲಿ ಏನೋ ಹುಡುಕತೊಡಗಿದರು.

ನಾನು ಒಂದು ಮಣೆ ತಂದು ಗಂಡಸರ ಸಾಲಿನಲ್ಲೇ ಹಾಕಿ ಕೂತೆ. ಮದುವೆಯಾದ ಹದಿನೆಂಟು ವರ್ಷದಲ್ಲಿ ಮೊದಲ ಸಲ, ಎಲ್ಲರ ಊಟ ಮುಗಿಯುವ ಮೊದಲು. ಚಿದಂಬರರಾಯರು ತಾವಾಗಿಯೇ ಎರಡು ಗ್ಲಾಸಿಗೆ ತುಸು ತುಸು ಬಗ್ಗಿಸಿ ಮುಂದೆ ಸರಿಸಿದರು. ಕುಡಿದೆ. ಎರಡೂ ಒಗರು, ಹುಳಿ. ಆದರೆ ಮೊದಲನೆಯದು ಗಂಟಲಿನಲ್ಲಿ ಗರಗರ ಎನ್ನುತ್ತದೆ, ಎರಡನೆಯದು ಸದ್ದಿಲ್ಲದೆ ಇಳಿಯುತ್ತದೆ. ಇಷ್ಟು ತಿಳಿಯಲು ಯಾವ ತಯಾರಿ ಬೇಕು? ಮತ್ತೆ, ನಾನು ಉಗುಳಲಿಲ್ಲ. ಬಡಿಸಿದ್ದನ್ನು ಉಗುಳುವ ಪದ್ಧತಿ ನಮ್ಮ ತವರಿನಲ್ಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಇಷ್ಟು ಸಿಟ್ಟಿನಲ್ಲಿ ಬರೆಯುತ್ತಿರಲಿಲ್ಲ.

ಸೋಮವಾರ ಇವರು ಸ್ವತಃ ಪೇಟೆಗೆ ಹೋದರು. ಅಂಗಡಿಯವನಿಗೆ, ನಮ್ಮ ದಸ್ತಗೀರಸಾಹೇಬರು ಒಂದೇ ತುತ್ತಿಗೆ ನಿನ್ನ ಕಳ್ಳತನ ಹಿಡಿದರು ಎಂದು ದಬಾಯಿಸಿದರಂತೆ. ಮನೆಗೆ ಬಂದು ನನಗೇ ಆ ಕತೆಯನ್ನು ಹುರುಪಿನಿಂದ ಹೇಳಿದರು. ಅಂಗಡಿಯವನು ತೆಪ್ಪಗೆ ಬೇರೆ ಚೀಲ ಕಳಿಸಿಕೊಟ್ಟ. ನಾನು ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ಕಾಳು ಕೈಗೆ ತೆಗೆದುಕೊಂಡೆ, ನಾಲ್ಕು ಬಾಯಿಗೆ ಹಾಕಿ ಅಗಿದೆ. ಇವರು ಮಗ್ಗುಲಲ್ಲೇ ನಿಂತು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು.

“ಈ ಸಲ ಚಲೋ ಜ್ವಾಳನ ಬಂದದೋ ಇಲ್ಲೋ, ಸಾಹೇಬರನ್ನ ಕರಕೊಂಡು ಬರತೇನಿ ತಡಿ,” ಎಂದವರೇ ಚಪ್ಪಲಿ ಮೆಟ್ಟಿ ಹೊರಟರು.

ಅಲ್ಲ, ಕಾಳು ಅಗಿಯುತ್ತ ನಿಂತವಳನ್ನೇ ಒಂದು ಮಾತು ಕೇಳಿದ್ದರೆ ಇವರ ಬಾಯಿಂದ ಮುತ್ತು ಉದುರುತ್ತಿತ್ತೆ?