ಒಂದೇ ಮನೆಯ ಶರಣರು

ಮಠದ ಗೋಡೆಗೆ ಶರಣರ ಸಭೆಯ ದೊಡ್ಡ ಚಿತ್ರ ಬರೆಯುವ ಕೆಲಸ ಒಪ್ಪಿಕೊಂಡಿದ್ದೆ. ಬಣ್ಣ ಮುಟ್ಟುವ ಮೊದಲು ಪ್ರತಿಯೊಂದು ಮುಖವನ್ನೂ ಪೆನ್ಸಿಲ್‌ನಲ್ಲಿ ಬರೆದು ನೋಡಿಕೊಳ್ಳುವುದು ನನ್ನ ರೂಢಿ. ಅದಕ್ಕೆ ಎದುರಿಗೆ ಕೂರುವ ಮನುಷ್ಯರು ಬೇಕು. ಸಪ್ತಾಪುರದ ನನ್ನ ಬಾಡಿಗೆ ಕೋಣೆಗೆ ಯಾರೂ ಬರುವುದಿಲ್ಲ. ಓಣಿಯ ಹುಡುಗರನ್ನು ಕೇಳಿದರೆ ಕೋಚಿಂಗ್ ಕ್ಲಾಸಿಗೆ ಹೊತ್ತಾಯಿತೆಂದು ಬೈಕ್ ಹತ್ತಿಬಿಡುತ್ತಿದ್ದರು. ಫೋನಿನಲ್ಲಿ ಫೋಟೊಗಳೇನೋ ಇದ್ದವು. ಫೋಟೊಗೆಂದು ನಕ್ಕ ಮುಖಕ್ಕೆ ವಿಭೂತಿ ಹಚ್ಚಿದರೆ ಅದು ಶರಣನ ಮುಖವಾಗುತ್ತದೆಯೇ?

ಕೊನೆಗೆ ಕನ್ನಡಿ ಇಟ್ಟುಕೊಂಡು ಕುಳಿತೆ. ಟವೆಲ್ಲನ್ನು ರುಮಾಲಿನಂತೆ ಸುತ್ತಿಕೊಂಡು ಒಬ್ಬರನ್ನು ಬರೆದೆ, ಕಂಬಳಿ ಹೊದ್ದುಕೊಂಡು ಇನ್ನೊಬ್ಬರನ್ನು. ಕೆಲವರಿಗೆ ಗಡ್ಡ ಇಳಿಬಿಟ್ಟೆ, ಕೆಲವರ ಕೆನ್ನೆ ಗುಳಿ ಬೀಳಿಸಿದೆ. ಹಾಳೆಗಳನ್ನು ಗೋಡೆಗೆ ಅಂಟಿಸಿದಾಗ ಕೋಣೆ ತುಂಬಿದಂತಾಯಿತು. ಚಹಾ ಕುಡಿಯುವಾಗ ಅವರ ಕಡೆ ತಿರುಗಿ ಕೂರುವ ಅಭ್ಯಾಸವಾಯಿತು.

ಮಠದಲ್ಲಿ ಚಿತ್ರ ಮುಗಿದ ದಿನ ಮುದುಕಿಯೊಬ್ಬರು ಬಂದು ಒಂದೊಂದು ಮುಖಕ್ಕೂ ಕೈಮುಗಿಯುತ್ತ ಗೋಡೆಯ ಉದ್ದಕ್ಕೂ ನಡೆದರು. ತುದಿಯಲ್ಲಿ ನಿಂತು ಮತ್ತೊಮ್ಮೆ ತಿರುಗಿ ನೋಡಿದರು.

“ಎಲ್ಲಾರೂ ಒಂದ ಮನಿಯವರ ಇದ್ದಂಗ ಅದಾರ ನೋಡ್ರಿ,” ಎಂದರು.

ಕುಂಚ ತೊಳೆಯುತ್ತಿದ್ದ ನಾನು ತಲೆಯೆತ್ತಿದೆ. ಗಡ್ಡದ ಹಿಂದೆ, ರುಮಾಲಿನ ಕೆಳಗೆ, ಸಭೆಯ ತುಂಬ ನನ್ನದೇ ಅಗಲ ಕಿವಿ, ನನ್ನದೇ ಮೊಂಡು ಮೂಗು. ಗಡ್ಡ, ರುಮಾಲು ಬದಲಿಸಿದರೆ ಬೇರೆಯವರಾಗುತ್ತಾರೆ ಎಂದುಕೊಂಡಿದ್ದ ನನ್ನ ಕಣ್ಣಿಗೆ ಇಷ್ಟು ದಿನ ಅದು ಬಿದ್ದಿರಲಿಲ್ಲ.

“ತುಂಬಿದ ಮನಿ ಅಂದ್ರ ಹಿಂಗಿರಬೇಕ್ರಿ,” ಎಂದು ಆಕೆ ನನ್ನ ಕಡೆ ನೋಡಿ ನಕ್ಕರು.

“ಹೌದ್ರಿ ಯವ್ವಾ,” ಎಂದೆ.