ಗಡಸು ನೀರಿನ ದೇಶಕ್ಕೆ ಎರಡು ದಾರಿ

ವೀಸಾ ಸಲಹೆಗಾರ್ತಿ ಮೇಜಿನ ಮೇಲೆ ಎರಡು ಕಡತ ಬಿಡಿಸಿಡುವ ಮೊದಲೇ ಸೋಪಮ್ಮ ಬಾಯಿಬಿಟ್ಟಳು.

“ಅಲ್ಲಿ ನೀರು ಹೇಗಿದೆ ಮೇಡಂ? ನೊರೆ ಬರುತ್ತಾ?”

“ಶುರುವಾಯ್ತು,” ಎಂದ ಗಂಡ. “ವೀಸಾ ಕೊಡೋರಿಗೂ ಇವಳು ಸ್ನಾನ ಮಾಡಿಸಿಯೇ ಬಿಡೋದು.”

ಮದುವೆಯಾದಾಗಿನಿಂದ ಅವಳು ಹಿತ್ತಲ ಶೆಡ್ಡಿನಲ್ಲಿ ಸೋಪು ಕಾಯಿಸಿದವಳು. ಅವನು ಅದನ್ನು ಚೀಲಕ್ಕೆ ತುಂಬಿ, ಅಂಗಡಿ ಅಂಗಡಿ ಅಲೆದು ಮಾರಿದವನು. ಶೆಡ್ಡು ಬೆಳೆದು ಕಾರ್ಖಾನೆಯಾಯಿತು. ಈಗ ದೊಡ್ಡ ಕಂಪನಿಯೊಂದು ಅದನ್ನು ಕೊಂಡಿತ್ತು, ಇನ್ನು ಮುಂದೆ ಈ ದೇಶದಲ್ಲಿ ಅವರು ಸೋಪು ಮಾಡಕೂಡದೆಂಬ ಷರತ್ತಿನ ಮೇಲೆ. ಬಾಣಲೆ ಇಳಿಸಿದಂದಿನಿಂದ ಅವಳಿಗೆ ಕೈ ಎಲ್ಲಿಟ್ಟುಕೊಳ್ಳಬೇಕೆಂದೇ ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಪರದೇಶದಲ್ಲಿದ್ದ ಅಕ್ಕ, ಇಬ್ಬರೂ ಇಲ್ಲಿಗೇ ಬಂದುಬಿಡಿ ಎಂದು ಕರೆದಿದ್ದಳು.

“ಮೊದಲನೇ ದಾರಿ ಸುಲಭ ಅಮ್ಮ,” ಎಂದಳು ಸಲಹೆಗಾರ್ತಿ. “ಅವರ ಸರ್ಕಾರ ಒಪ್ಪಿದ ನಿಧೀಲಿ ದುಡ್ಡು ಹಾಕಿ ಆರಾಮಾಗಿರಿ. ಆದ್ರೆ ಉದ್ಯೋಗ, ವ್ಯಾಪಾರ ಏನೂ ಮಾಡೋ ಹಾಗಿಲ್ಲ. ಎರಡನೇದ್ರಲ್ಲಿ ಅದೇ ದುಡ್ಡಲ್ಲಿ ಸ್ವಂತ ಉದ್ಯಮ ನಡೆಸಿ, ಅಲ್ಲಿಯವರಿಗೆ ಕೆಲಸ ಕೊಡಬೇಕು. ಅದು ನಡೀಲಿಲ್ಲ ಅಂದ್ರೆ ವೀಸಾ ಮುಂದುವರಿಯಲ್ಲ.”

“ಮೊದಲನೇದೇ ಇರಲಿ. ಬೆಂದಿದ್ದು ಸಾಕು,” ಎಂದ ಗಂಡ.

“ಬೆಂದಿದ್ದು ನಾನು ಕಣ್ರೀ. ನೀವು ಊರು ಸುತ್ತಿದ್ರಿ.”

ಸಲಹೆಗಾರ್ತಿ ನಗುತ್ತ, ಅಕ್ಕ ಇದ್ದ ಊರಿನಲ್ಲೇ ಬ್ಯೂಟಿ ಪಾರ್ಲರ್ ಇಟ್ಟಿದ್ದ ತನ್ನ ಹಳೆಯ ಗಿರಾಕಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ ಸೋಪಮ್ಮನ ಕೈಗೆ ಕೊಟ್ಟಳು.

“ನೀರಾ? ಅಯ್ಯೋ, ಕಲ್ಲು ಕಣ್ರೀ!” ಎಂದಿತು ಆ ಕಡೆಯ ದನಿ. “ನೊರೆ ಅನ್ನೋದೇ ಇಲ್ಲ. ಬಿಳೀ ಜಿಡ್ಡು ತೇಲುತ್ತೆ. ಕೂದಲೆಲ್ಲ ನಾರು.”

“ಅಲ್ಲಿಗೆ ಮುಗೀತು,” ಎಂದು ಗಂಡ ನಿರಾಳವಾಗಿ ಬೆನ್ನು ಒರಗಿಸಿದ. ಆದರೆ ಸೋಪಮ್ಮನ ಕಣ್ಣು ಅರಳಿದ್ದವು. ಅಷ್ಟು ಗಡಸು ನೀರನ್ನು ಅವಳು ಜನ್ಮದಲ್ಲಿ ಕಂಡವಳಲ್ಲ. ಕೊಬ್ಬರಿ ಎಣ್ಣೆ ಹೆಚ್ಚಿಸಿದರೆ ನೊರೆಯೇನೋ ಬಂದೀತು. ಆದರೆ ಚರ್ಮ ಒಣಗುತ್ತದಲ್ಲ, ಅದಕ್ಕೇನು ಬೆರೆಸುವುದು?

“ಎರಡನೇದು,” ಎಂದಳು.

“ಹಾಗಾದ್ರೆ ಮುಖ್ಯ ಅರ್ಜಿದಾರರನ್ನ ಸಂದರ್ಶನಕ್ಕೆ ಕರೀತಾರೆ. ಸೋಪು ಹೇಗೆ ಮಾಡ್ತೀರಿ ಅಂತಾನೂ ಕೇಳ್ತಾರೆ.”

ಗಂಡ ನೆಟ್ಟಗೆ ಕೂತ. “ಅದಕ್ಕೇನಂತೆ? ಎಣ್ಣೆ ಕಾಯಿಸೋದು. ಆಮೇಲೆ...”

“ಆಮೇಲೆ?” ಎಂದಳು ಸೋಪಮ್ಮ.

“ಆಮೇಲೆ ಪ್ಯಾಕ್ ಮಾಡೋದು.”

ಸಲಹೆಗಾರ್ತಿ ಕೆಮ್ಮಿ ನಗೆ ಮುಚ್ಚಿಕೊಂಡಳು. “ಅಮ್ಮ ಮುಖ್ಯ ಅರ್ಜಿದಾರರು ಅಂತಿಟ್ಕೊಳ್ಳೋಣ. ನೀವು ಅವರ ಅವಲಂಬಿತರು.”

ಮಾತನ್ನೇ ಮಾರಿ ಬದುಕಿದವನು ಅವಳ ಹಿಂದೆ ಮೆಟ್ಟಿಲಿಳಿದ. ಬೀದಿಗೆ ಬಂದ ಮೇಲೆ ಕೇಳಿದ: “ನಡೀದೇ ಹೋದ್ರೆ? ಅಲ್ಲೂ ಇಲ್ಲ, ಇಲ್ಲೂ ಇಲ್ಲ ಅನ್ನೋ ಹಾಗಾಗುತ್ತೆ ಕಣೇ.”

“ಆಗಬಹುದು. ಆದ್ರೆ ಸುಮ್ನೆ ಕೂರಿಸಿದ್ರೆ ನಾನು ನಾನಾಗಿ ಉಳಿಯಲ್ಲ ರೀ.”

ಅವನು ಬಸ್ ನಿಲ್ದಾಣದ ಬೆಂಚಿನ ಮೇಲೆ ತನ್ನ ಚಪ್ಪಲಿ ನೋಡುತ್ತ ಕೂತ. ಆಮೇಲೆ ಮೆಲ್ಲಗೆ ಅವಳ ಕಡೆ ಸರಿದ.

“ಎಣ್ಣೆ ಕಾದ ಮೇಲೆ ಏನು ಮಾಡ್ತೀಯೇ?”

ಇಷ್ಟು ವರ್ಷದಲ್ಲಿ ಅವನು ಇದನ್ನು ಕೇಳಿದ್ದು ಇದೇ ಮೊದಲು. ಅವಳು ಅವನ ಮುಖ ನೋಡಿದಳು. ತಮಾಷೆಯಲ್ಲ.

“ಕಾಸ್ಟಿಕ್ ಸೋಡಾ ಕರಗಿಸಿದ ನೀರನ್ನ ದಾರದ ಹಾಗೆ ಸುರೀಬೇಕು. ತಿರುವುತ್ತಾನೇ ಇರಬೇಕು. ನಿಮ್ ಕೈಲಾಗಲ್ಲ, ಅಷ್ಟು ಹೊತ್ತು ಬಾಯಿ ಮುಚ್ಕೊಂಡಿರಬೇಕು.”

ಅವನು ಬಾಯಿ ಮುಚ್ಚಿದ. ಅವಳು ಗಾಳಿಯಲ್ಲೇ ಕೈ ತಿರುವುತ್ತ ಮುಂದಿನದನ್ನು ಹೇಳತೊಡಗಿದಳು.