ದೊಡ್ಡಪ್ಪ ಮಾಡಿಕೊಟ್ಟ ಗಿಟಾರು

ಹಲಸಿನ ಹಲಗೆಗೆ ಗರಗಸ ಹಾಕಿದಾಗ ಹಳದಿ ಹೊಟ್ಟು ಉದುರುತ್ತದಲ್ಲ, ಅದರ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ತುಸು ಸಿಹಿ, ತುಸು ಹಸಿ. ಯಾವ ಊರಿನ ಯಾವ ಬೀದಿಯಲ್ಲಿ ಅದು ಮೂಗಿಗೆ ಬಿದ್ದರೂ ನಾನು ಗುಂಡ್ಲುಪೇಟೆಯ ದೊಡ್ಡಪ್ಪನ ಮನೆಯಲ್ಲಿರುತ್ತೇನೆ. ಊಟಿ ರಸ್ತೆಗೆ ಮುಖ ಮಾಡಿದ್ದ ಹೆಂಚಿನ ಮನೆ. ಮುಂದಿನ ಅರ್ಧದಲ್ಲಿ ದೊಡ್ಡಪ್ಪನ ಮರಗೆಲಸ, ಹಿಂದಿನ ಅರ್ಧದಲ್ಲಿ ದೊಡ್ಡಮ್ಮನ ಸಂಸಾರ. ಗೋಡೆ ಅಡ್ಡವಿದ್ದರೂ ಹೊಟ್ಟು ಹಾರಿ ಅಡುಗೆಮನೆಯವರೆಗೂ ಬರುತ್ತಿತ್ತು. ಸಾರಿನ ಪಾತ್ರೆಗೆ ತಟ್ಟೆ ಮುಚ್ಚದೆ ಇಡುವ ಹಾಗಿರಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ನನ್ನ ಅಪ್ಪ ಚಾಮರಾಜನಗರದ ಒಂದು ಕಚೇರಿಯಲ್ಲಿ ಗುಮಾಸ್ತರು. ಶನಿವಾರದ ಬೆಳಗಿನ ಸ್ಕೂಲು ಮುಗಿದ ಕೂಡಲೇ ನಾನು ಗುಂಡ್ಲುಪೇಟೆ ಬಸ್ಸು ಹತ್ತುತ್ತಿದ್ದೆ.

ಹಾಗೆ ಓಡಿಹೋಗಲು ಇನ್ನೊಂದು ಕಾರಣವೂ ಇತ್ತು. ತೊಂಬತ್ತರ ದಶಕದ ಆ ವರ್ಷ ನಾನು ಎಂಟನೇ ಕ್ಲಾಸು. ಕೇರಳದವರಾದ ನಮ್ಮ ಇಂಗ್ಲಿಷ್ ಟೀಚರ್ ಕೆಲಸ ಬಿಟ್ಟು ಊರಿಗೆ ಹೋಗುವಾಗ ನನಗೊಂದು ಕ್ಯಾಸೆಟ್ ಕೊಟ್ಟಿದ್ದರು. ಇಂಗ್ಲೆಂಡಿನವನೊಬ್ಬ ಗಿಟಾರ್ ನುಡಿಸಿಕೊಂಡು ಹಾಡಿದ್ದು. ನಾನು ಹುಟ್ಟುವುದಕ್ಕೂ ಮುಂಚಿನದಂತೆ. ನಮ್ಮ ಮನೆಯಲ್ಲಿದ್ದದ್ದು ರೇಡಿಯೋ ಮಾತ್ರ, ಟೇಪ್ ರೆಕಾರ್ಡರ್ ಇದ್ದದ್ದು ದೊಡ್ಡಪ್ಪನ ಬಳಿ. ಹಾಡಿನ ಮಾತು ನನಗೆ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಆದರೆ ಆ ಗಿಟಾರು! ಮೊದಲ ಹಾಡಿನಲ್ಲಿ ಅದು ದಡದಡನೆ ಮೆಟ್ಟಿಲಿಳಿದು ಬರುತ್ತಿತ್ತು. ಮೂರನೆಯದರಲ್ಲಿ, ಅವನು ಹಾಡು ನಿಲ್ಲಿಸಿದ ಮೇಲೂ, ಒಂದೇ ಮಾತನ್ನು ಮತ್ತೆ ಮತ್ತೆ ಕೇಳುತ್ತಿತ್ತು. ಎರಡನೇ ಬದಿಯ ಕೊನೆಯಲ್ಲಿ ಹಾಡೇ ಇರಲಿಲ್ಲ, ಗಿಟಾರೊಂದೇ. ತಂತಿಯ ಮೇಲೆ ಬೆರಳು ಸರಿಯುವ ಸದ್ದು, ನುಡಿಸುವವನು ಉಸಿರೆಳೆದುಕೊಂಡದ್ದು ಕೂಡ ಕೇಳಿಸುತ್ತಿತ್ತು. ಅಷ್ಟು ದೂರದ ಮನುಷ್ಯ ನನ್ನ ಪಕ್ಕದಲ್ಲೇ ಕೂತ ಹಾಗೆ ಅನ್ನಿಸಿ ಮೈ ಜುಮ್ಮೆನ್ನುತ್ತಿತ್ತು.

ಒಂದು ಭಾನುವಾರ ದೊಡ್ಡಪ್ಪ ಉಳಿ ಕೆಳಗಿಟ್ಟು ಆ ಕೊನೆಯದನ್ನು ಇನ್ನೊಮ್ಮೆ ಹಾಕಿಸಿ ಕೇಳಿದರು. “ಇದು ಬರೀ ತಂತಿ ಸದ್ದಲ್ಲ ಕಣಮ್ಮಿ,” ಅಂದರು. “ಮರದ್ದು. ಒಳ್ಳೆ ಒಣಗಿರೋ ಮರ. ಇಂಗೆ ಮಾತಾಡ್ಬೇಕು ಅಂದ್ರೆ ತೆಳ್ಳಗೆ ಸೀಳ್ಬುಟ್ಟಿರ್ಬೇಕು.”

“ನಂಗೂ ಒಂದು ಬೇಕು ದೊಡ್ಡಪ್ಪ.”

“ಅದ್ಕೆ ಮುಖ ಯಾಕೆ ಸಣ್ಣಗೆ ಮಾಡ್ಕತೀಯ? ಮಾಡ್ಕೊಡ್ತೀನಿ ಬುಡು.”

ಅವರು ಗಿಟಾರನ್ನು ಎಂದೂ ಕೈಯಲ್ಲಿ ಹಿಡಿದವರಲ್ಲ. ನೋಡಿಕೊಳ್ಳಲು ಇದ್ದದ್ದು ಕ್ಯಾಸೆಟ್ಟಿನ ಮೇಲಿನ ಬೆಂಕಿಪೊಟ್ಟಣದಷ್ಟು ಚಿತ್ರ. ಒಪ್ಪಿಕೊಂಡಿದ್ದ ಮಂಚವನ್ನು ಪಕ್ಕಕ್ಕಿಟ್ಟು ಎರಡು ವಾರ ಕೂತರು. “ಮದ್ವೆ ಮನೆಯೋರು ಮಂಚ ಕೇಳ್ಕೊಂಡು ಬಂದ್ರೆ ಇದ್ರ ಮೇಲೇ ಮಲಗ್ಸಿ,” ಎಂದು ದೊಡ್ಡಮ್ಮ ಒಳಗಿನಿಂದ ಕೂಗುತ್ತಿದ್ದರು. ಹಲಸಿನ ಒಡಲು, ಸೈಕಲ್ಲಿನ ಬ್ರೇಕ್ ವೈರಿನ ಎಳೆ ಬಿಡಿಸಿ ಬಿಗಿದ ತಂತಿ. ಚಿತ್ರದಲ್ಲಿ ಅವನ ಕೈ ಅಡ್ಡ ಬಂದು ತಂತಿ ಬಿಗಿಯುವ ಬಿರಡೆ ನಾಲ್ಕೇ ಕಾಣುತ್ತಿದ್ದವು, ಹಾಗಾಗಿ ನಾಲ್ಕೇ. ಕುತ್ತಿಗೆಯ ಮೇಲಿನ ಅಡ್ಡಪಟ್ಟಿಗಳನ್ನು ಅಲಂಕಾರವೆಂದುಕೊಂಡು ಕಪ್ಪು ಬಣ್ಣದಲ್ಲಿ ನೀಟಾಗಿ ಗೆರೆ ಎಳೆದಿದ್ದರು. ಬೀದಿಯ ಹುಡುಗಿಯರೆಲ್ಲ ಬಾಗಿಲಲ್ಲಿ ನೆರೆದಿದ್ದರು. ನಾನು ಮೀಟಿದೆ. ಡಬ್ಬ ಬಡಿದ ಹಾಗಾಯಿತು. ಎಲ್ಲರೂ ನಕ್ಕರು.

“ಇದು ಗಿಟಾರೇ ಅಲ್ಲ. ನಂಗೆ ಬೇಡ,” ಎಂದುಬಿಟ್ಟೆ. ದೊಡ್ಡಪ್ಪ ಅದನ್ನು ಗೋಡೆಗೆ ಒರಗಿಸಿ ಮಂಚದ ಕಾಲನ್ನು ಕೈಗೆತ್ತಿಕೊಂಡರು. ನಾಚಿಕೆಯಿಂದ ನಾನು ಒಂದು ತಿಂಗಳು ಗುಂಡ್ಲುಪೇಟೆಯ ಕಡೆ ಹೋಗಲಿಲ್ಲ.

ಆ ತಿಂಗಳಲ್ಲಿ ನಡೆದದ್ದನ್ನು ಆಮೇಲೆ ಹೇಳಿದವರು ದೊಡ್ಡಮ್ಮ. ಊಟಿ ಬಸ್ಸು ಟೀ ಕುಡಿಯಲು ನಿಂತಾಗ ಗಿಟಾರ್ ಹೊತ್ತ ವಿದೇಶಿಯೊಬ್ಬ ಇಳಿದನಂತೆ. ದೊಡ್ಡಪ್ಪ ಅಳತೆ ಟೇಪು, ಪೆನ್ಸಿಲ್ಲು ಹಿಡಿದು ರಸ್ತೆ ದಾಟಿ ಓಡಿದರಂತೆ. ಭಾಷೆ ಬಾರದು. ಸನ್ನೆಯಲ್ಲೇ ಕೇಳಿಕೊಂಡು, ಹೋಟೆಲಿನ ಬೆಂಚಿನ ಮೇಲೆ ಅದನ್ನು ಮಲಗಿಸಿ, ಅಂಗುಲ ಅಂಗುಲ ಅಳೆದು ಪ್ಲೈವುಡ್ ಚೂರಿನ ಮೇಲೆ ಬರೆದುಕೊಂಡರಂತೆ. ತೂತಿನೊಳಗೆ ಬೆರಳು ಬಿಟ್ಟು ಮರದ ದಪ್ಪವನ್ನೂ ನೋಡಿದರಂತೆ. “ಡ್ರೈವರು ಹಾರನ್ ಹೊಡ್ದು ಹೊಡ್ದು ಸಾಕಾಗಿ, ಕೊನೇಗೆ ಅವ್ನೂ ಇಳ್ದು ಬಂದು ನೋಡ್ತಾ ನಿಂತ್ಕಬುಟ್ಟ ಕಣಮ್ಮಿ!”

ತಿಂಗಳ ಮೇಲೆ ನಾನು ಹೋದಾಗ ಎರಡನೇ ಗಿಟಾರು ಕಾದಿತ್ತು. ಅದಕ್ಕೆ ಆರು ಬಿರಡೆ, ಮೈಸೂರಿನಿಂದ ತರಿಸಿದ ತಂತಿ, ಹಿತ್ತಾಳೆ ಕಂಬಿಯ ಪಟ್ಟಿಗಳು. ನಾನು ಹೆದರುತ್ತಲೇ ಒಂದು ತಂತಿ ಮೀಟಿದೆ. ಸದ್ದು ಕೂಡಲೇ ಆರಲಿಲ್ಲ. ಮರದೊಳಗೆ ಸುತ್ತಾಡಿ ನಿಧಾನಕ್ಕೆ ಹೊರಗೆ ಬಂತು. “ಈಗ ಇದು ಗಿಟಾರೇನಮ್ಮಿ?” ಎಂದು ಕೇಳಿದರು ದೊಡ್ಡಪ್ಪ. ಅದು ಅಣಕವಲ್ಲ. ಅವರಿಗೆ ನಿಜವಾಗಿಯೂ ತಿಳಿಯಬೇಕಿತ್ತು. ನಾನು ಅವರನ್ನು ತಬ್ಬಿಕೊಂಡು ಅತ್ತೆ.

ಹೇಳಿಕೊಡುವವರು ಯಾರೂ ಇರಲಿಲ್ಲ. ಕ್ಯಾಸೆಟ್ಟನ್ನು ಹಿಂದಕ್ಕೆ ಮುಂದಕ್ಕೆ ಓಡಿಸಿ, ತಡವರಿಸಿ ತಡವರಿಸಿ, ಎರಡು ವರ್ಷದಲ್ಲಿ ಕಲಿತದ್ದು ಎರಡನೇ ಬದಿಯ ಆ ಕೊನೆಯದೊಂದನ್ನೇ. ಒಬ್ಬ ಅಪರಿಚಿತ ತನ್ನ ಪಾಡಿಗೆ ತಾನು ನುಡಿಸಿದ್ದು ಎಲ್ಲೆಲ್ಲೋ ಸುತ್ತಿ ನಮ್ಮ ಮನೆಗೆ ಬಂತು, ನಮ್ಮ ದೊಡ್ಡಪ್ಪ ಎಂಥವರೆಂದು ನನಗೆ ತೋರಿಸಿತು. ಅದಕ್ಕೆ ಅವನಿಗೆ ನಾನು ಎಷ್ಟು ಕೈಮುಗಿದರೂ ಕಡಿಮೆಯೇ.

ರಸ್ತೆ ಅಗಲವಾದಾಗ ಮನೆಯ ಮುಂದಿನ ಅರ್ಧ ಹೋಯಿತು. ದೊಡ್ಡಮ್ಮ ತೀರಿಕೊಂಡ ಮೇಲೆ ಅಪ್ಪ ದೊಡ್ಡಪ್ಪನನ್ನು ಚಾಮರಾಜನಗರಕ್ಕೆ ಕರೆತಂದರು. ಅವರು ತೀರಿಕೊಳ್ಳುವ ಒಂದು ವಾರ ಮುಂಚೆ ನಾನು ನೋಡಲು ಬಂದಿದ್ದೆ. ನುಡಿಸು ಎಂದರು. ಗಿಟಾರು ಗಂಡನ ಮನೆಯಲ್ಲಿತ್ತು. ಬೇರೆ ದಾರಿಯಿಲ್ಲದೆ, ಅವರು ಜೊತೆಗೆ ತಂದಿದ್ದ ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ಟಿನ ಆ ಕೊನೆಯದನ್ನೇ ಹಾಕಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಮುಗಿದ ಮೇಲೆ ತಲೆಯಾಡಿಸಿದರು.

“ಚೆನ್ನಾಗಿ ನುಡಿಸ್ತಾನೆ. ಆದ್ರೆ ಇವ್ನಿಗೆ ಅವಸರ ಕಣಮ್ಮಿ,” ಅಂದರು. “ನೀನು ನಿಧಾನುಕ್ಕೆ ನುಡಿಸ್ತಿದ್ದೆ. ಅದೇ ಸರಿ.”